ನಿಮ್ಮ ತಾರಸಿಯ ಮೇಲೆ ಡ್ರೋನ್ ಹಾರಲು ಒಪ್ಪುತ್ತೀರಾ? ತುಮಕೂರಿನವರು ಹೇಳಿ

ಮಹಡಿಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಕಳೆದ ವಾರ ಒಂದು ಪತ್ರ ಬಂದಿದೆ. ಡ್ರೋನ್ ಮೂಲಕ ಔಷಧ, ದಿನಸಿ ತಲುಪಿಸುವ ಕಂಪನಿಯೊಂದು ನಮ್ಮ ಉದ್ಯಾನದ ಮೂಲೆಯಲ್ಲಿ ಹದಿನೈದು ಅಡಿ ಚೌಕದ ಜಾಗ ಕೇಳಿದೆ. ಡ್ರೋನ್ ಅಲ್ಲಿಗೆ ಬಂದು ಪಾರ್ಸೆಲ್ ಇಳಿಸಿ ಹೋಗುತ್ತದೆ, ನಾವು ಹೋಗಿ ತಂದುಕೊಳ್ಳಬೇಕು. ಸಂಘಕ್ಕೆ ತಿಂಗಳ ಬಾಡಿಗೆ ಕೊಡುತ್ತಾರಂತೆ. ಸಂಘದ ಕಾರ್ಯದರ್ಶಿ ನಾನೇ ಆದ್ದರಿಂದ ಮೂರು ದಿನದಿಂದ ನನ್ನ ಫೋನು ತಣ್ಣಗಾಗಿಲ್ಲ.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ, ನಾನು ಪರ. ತಾಯಿಗೆ ಎಂಬತ್ತೊಂದು ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಒಂದು ಸಂಜೆ ಮನೆಯಲ್ಲಿದ್ದದ್ದು ಮುಗಿದಿತ್ತು. ಬಿ.ಎಚ್. ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಎರಡು ಕಿಲೋಮೀಟರ್ ಹೋಗಿ ಬರಲು ಐವತ್ತು ನಿಮಿಷ ಹಿಡಿಯಿತು. ಮೇಲಿನಿಂದ ಬಂದರೆ ನಾಲ್ಕು ನಿಮಿಷ. ನೀವೇನು ಹೇಳುತ್ತೀರಿ?

ಶಿರಾಗೇಟ್
ಉದ್ಯಾನದವರೆಗೆ ನಡೆಯಬಲ್ಲವನು ಬೀದಿ ಕೊನೆಯ ಅಂಗಡಿಯವರೆಗೂ ನಡೆಯಬಲ್ಲ. ಮತ್ತೆ ಡ್ರೋನ್ ಯಾರಿಗೆ?

ಹಾರುವಯಂತ್ರ
ನಾನು ಡ್ರೋನ್ ಹಾರಿಸುವ ಪೈಲಟ್ ಪ್ರಮಾಣಪತ್ರ ಇರುವವನು. ನನ್ನ ಕೆಲಸ ತೋಟಗಳಿಗೆ ಔಷಧ ಸಿಂಪಡಿಸುವುದು, ಪಾರ್ಸೆಲ್ ಅಲ್ಲ. ಆದರೂ ಗೊತ್ತಿರುವಷ್ಟು ಹೇಳುತ್ತೇನೆ.

ಇದು ಹೊಸದೇನಲ್ಲ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲೇ 2021ರ ಜೂನ್‌ನಲ್ಲಿ ಔಷಧ ಸಾಗಿಸುವ ಡ್ರೋನ್‌ಗಳ ಪ್ರಯೋಗ ನಡೆಯಿತು. ಪೈಲಟ್‌ನ ಕಣ್ಣಳತೆ ದಾಟಿ ಹಾರುವುದು ಆ ಪ್ರಯೋಗದ ಮುಖ್ಯ ವಿಷಯ. ಎರಡು ಬಗೆಯ ಯಂತ್ರಗಳಿದ್ದವು. ಒಂದು ಒಂದು ಕಿಲೋ ಹೊತ್ತು 15 ಕಿಲೋಮೀಟರ್ ಹೋಗುವಂಥದ್ದು, ಇನ್ನೊಂದು ಎರಡು ಕಿಲೋ ಹೊತ್ತು 12 ಕಿಲೋಮೀಟರ್ ಹೋಗುವಂಥದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ತಾವೇ ತಯಾರಿಸಿದ ಎಂಟು ಪಂಕದ ಡ್ರೋನ್‌ನಲ್ಲಿ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ 50 ಸೀಸೆಗಳನ್ನು ಕಳುಹಿಸಿದರು. ಏಳು ಕಿಲೋಮೀಟರ್, ಹತ್ತು ನಿಮಿಷ. ಆನೇಕಲ್ ಕಡೆಯ ರಸ್ತೆ ಕಂಡವರಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತು.

ಆದ್ದರಿಂದ ಯಂತ್ರ ಹಾರುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಹಾರುತ್ತದೆ. ಊರಿನ ನಡುವೆ ಅದು ಇಳಿಯುವುದು ಎಲ್ಲಿ ಎಂಬುದೇ ತಲೆನೋವು.

ಬೂದುಗುಂಬಳ
ಇಳಿಯುವ ಜಾಗದ ಮಾತು ನೀವು ಆಡಿದಿರಿ, ಹಾರುವ ದಾರಿಯ ಮಾತು ನಾನು ಆಡುತ್ತೇನೆ. ಸೋಮೇಶ್ವರಪುರಂನಲ್ಲಿ ನಮ್ಮದು ಮೂರನೇ ಮಹಡಿ. ತಾರಸಿ ಎಂದರೆ ನಮಗೆ ಇನ್ನೊಂದು ಕೋಣೆ. ಸಂಡಿಗೆ ಅಲ್ಲೇ ಒಣಗುತ್ತದೆ, ಒಳಉಡುಪು ಅಲ್ಲೇ ಒಣಗುತ್ತದೆ, ಸ್ನಾನ ಮಾಡಿದ ಮೇಲೆ ನನ್ನ ಮಗಳ ತಲೆಗೂದಲೂ ಅಲ್ಲೇ ಒಣಗುತ್ತದೆ. ಎದುರು ಮನೆಯವರು ಕಟ್ಟಡ ಎತ್ತರಿಸಿದಾಗ ನಾವು ಹಸಿರು ನೆರಳುಬಟ್ಟೆ ಕಟ್ಟಿಕೊಂಡೆವು. ಈಗ ನೆತ್ತಿಯ ಮೇಲೆ ಏನು ಕಟ್ಟಿಕೊಳ್ಳಬೇಕು? ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಇರುತ್ತದೆಯೋ ಇಲ್ಲವೋ, ಇದ್ದರೆ ಆ ಚಿತ್ರ ಯಾರ ಬಳಿ ಹೋಗುತ್ತದೆ? ಇದಕ್ಕೆ ಪತ್ರದಲ್ಲಿ ಉತ್ತರ ಇದೆಯೇ ಕಾರ್ಯದರ್ಶಿಗಳೇ?

ಮಹಡಿಮನೆ
ಇಲ್ಲ ಅಕ್ಕ. ಸುರಕ್ಷಿತ, ಪರಿಸರಸ್ನೇಹಿ ಎಂಬ ಎರಡು ಪದಗಳು ಮಾತ್ರ ಏಳು ಬಾರಿ ಇವೆ. ಎಣಿಸಿದ್ದೇನೆ.

ವಕೀಲರ ಕೋಟು
ಮೊದಲನೆಯದಾಗಿ ಕಾರ್ಯದರ್ಶಿಗಳಿಗೆ ಒಂದು ಮಾತು. ಉದ್ಯಾನ ಮಹಾನಗರ ಪಾಲಿಕೆಯದ್ದು, ಸಂಘದ್ದಲ್ಲ. ಹುಲ್ಲು ಕತ್ತರಿಸಿ ನೀರು ಹಾಕಿದ ಮಾತ್ರಕ್ಕೆ ಬಾಡಿಗೆ ಪಡೆಯುವ ಹಕ್ಕು ಬರುವುದಿಲ್ಲ. ಆ ಬಾಡಿಗೆಯ ಆಸೆಯನ್ನು ಇವತ್ತೇ ಬಿಡಿ.

ಇನ್ನು ಡ್ರೋನ್ ವಿಷಯ. ಈಗ ಜಾರಿಯಲ್ಲಿರುವುದು 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿಯವರೆಗೆ ಹಾರಲು ಪೂರ್ವಾನುಮತಿ ಬೇಡ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದೇ ಬೇಕು. ನಿಯಮ ಮುರಿದರೆ ದಂಡ ಗರಿಷ್ಠ ಒಂದು ಲಕ್ಷ ರೂಪಾಯಿ. 250 ಗ್ರಾಂವರೆಗಿನ ನ್ಯಾನೋ ಡ್ರೋನ್ ಬಿಟ್ಟು ಉಳಿದ ಎಲ್ಲಕ್ಕೂ, ನಮ್ಮ ಬೈಕಿಗೆ ಇರುವಂತೆಯೇ, ಮೂರನೆಯವರ ಹಾನಿಯ ವಿಮೆ ಕಡ್ಡಾಯ. ಕಂಪನಿಯಿಂದ ಆ ವಿಮೆಯ ಪ್ರತಿಯನ್ನು ಮೊದಲು ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಮಾತು ಮುಗಿಸಿ.

ಖಾಸಗಿತನಕ್ಕೆ ಬಂದರೆ, ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರಲ್ಲಿ. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಪುಟ್ಟಸ್ವಾಮಿಯವರು. ತೀರ್ಪು ಗಟ್ಟಿಯಾಗಿದೆ. ಆದರೆ ತಲೆಯ ಮೇಲೆ ಮೂವತ್ತು ಸೆಕೆಂಡಿನಲ್ಲಿ ಹಾದು ಹೋದ ಯಂತ್ರದ ನೋಂದಣಿ ಸಂಖ್ಯೆಯನ್ನು ನೆಲದಿಂದ ಓದುವುದು ಹೇಗೆ? ದೂರು ಬರೆಯಲು ಕುಳಿತರೆ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲುತ್ತದೆ.

ನಿವೃತ್ತ ಮೇಷ್ಟ್ರು
ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲವೇ, 2023ರ ಫೆಬ್ರವರಿಯಲ್ಲಿ ಪ್ರಧಾನಿ ಉದ್ಘಾಟಿಸಿದ್ದು? 615 ಎಕರೆ ಜಾಗ. ಅಲ್ಲಿಂದ ಹೆಲಿಕಾಪ್ಟರ್‌ಗಳು ಏಳುವ ಜಿಲ್ಲೆಯಲ್ಲಿ ಯಾವ ಮೂಲೆ ಹಸಿರು, ಯಾವುದು ಹಳದಿ ಎಂದು ಯಾರು ಹೇಳುವವರು?

ಹಾರುವಯಂತ್ರ
ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನಕ್ಷೆ ಇದೆ ಮೇಷ್ಟ್ರೇ, ಯಾರು ಬೇಕಾದರೂ ನೋಡಬಹುದು. ಅದು ಬದಲಾಗುತ್ತಲೇ ಇರುವುದರಿಂದ ಹಾರುವ ದಿನವೇ ನೋಡಬೇಕು ಎಂಬುದು ನಮಗೆ ಕಲಿಸುವ ಮೊದಲ ಪಾಠ.

ಎರಡುಚಕ್ರ
ಇಲ್ಲಿಯವರೆಗೆ ಓದಿದೆ. ಎಲ್ಲರೂ ಮಾತಾಡಿದ್ದಾರೆ, ಪಾರ್ಸೆಲ್ ಹೊರುವವನೊಬ್ಬನೂ ಮಾತಾಡಿಲ್ಲ. ನಾನು ನಾಲ್ಕು ವರ್ಷದಿಂದ ಈ ಊರಿನಲ್ಲಿ ಊಟ, ದಿನಸಿ, ಔಷಧ ತಲುಪಿಸುತ್ತಿದ್ದೇನೆ.

ಕೆಲಸ ಹೋಗುತ್ತದೆ ಎಂದು ಅಳಲು ಬಂದಿಲ್ಲ. ನನ್ನ ಪ್ರಶ್ನೆ ಬೇರೆ. ನಕ್ಷೆಯಲ್ಲಿ ಮನೆ ತೋರಿಸುವ ಚುಕ್ಕಿ ಪಕ್ಕದ ಬೀದಿಯಲ್ಲಿರುತ್ತದೆ. ನಾನು ಫೋನ್ ಮಾಡುತ್ತೇನೆ. "ಗಣಪತಿ ಗುಡಿ ದಾಟಿ ಎಡಕ್ಕೆ ಬಾಪ್ಪ, ಹಳದಿ ಗೇಟು, ನಾಯಿ ಕಚ್ಚುವುದಿಲ್ಲ" ಎನ್ನುತ್ತಾರೆ. ಹೋಗುತ್ತೇನೆ. ನಾಯಿ ಕಚ್ಚಲು ಬರುತ್ತದೆ, ಅದು ಬೇರೆ ಮಾತು. ಮರಳೂರು ಕಡೆ ಒಬ್ಬ ಅಜ್ಜಿ ಇದ್ದಾರೆ, ಮಾತ್ರೆಯ ಪಟ್ಟಿ ಕೈಗೆ ಕೊಟ್ಟರೆ ಸಾಲದು. ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ಔಷಧ ಅಂಗಡಿಯವರು ಬರೆದದ್ದನ್ನು ಓದಿ ಹೇಳಿ ಬರಬೇಕು. ಇದಕ್ಕೆ ನನಗೆ ಹೆಚ್ಚುವರಿ ಹಣ ಸಿಗುವುದಿಲ್ಲ. ಡ್ರೋನ್ ಬಂದರೆ ಇದು ಯಾರ ಲೆಕ್ಕ?

ಇನ್ನೊಂದು. ನಮ್ಮಂಥವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಪ್ರತಿ ವ್ಯವಹಾರದಲ್ಲಿ ನಮಗೆ ಕೊಡುವ ಹಣದ ಶೇಕಡಾ ಒಂದರಿಂದ ಐದರವರೆಗೆ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕು ಎಂದು ಅದರಲ್ಲಿದೆ. ವರ್ಷಗಟ್ಟಲೆ ಕೇಳಿ ಪಡೆದದ್ದು. ಅದು ಕೈಗೆ ಬರುವ ಹೊತ್ತಿಗೆ ಪಾರ್ಸೆಲ್ ಆಕಾಶಕ್ಕೆ ಹೋದರೆ ಶುಲ್ಕ ಯಾರ ಹೆಸರಿನಲ್ಲಿ ಕಟ್ಟುತ್ತಾರೆ, ರೆಕ್ಕೆಯ ಹೆಸರಿನಲ್ಲೇ?

ಶಿರಾಗೇಟ್
ಅಣ್ಣ, ಹಳದಿ ಗೇಟು ನಮ್ಮದೇ ಇರಬೇಕು. ನಾಯಿಯ ಪರವಾಗಿ ಕ್ಷಮೆ ಇರಲಿ.

ರಾತ್ರಿಪಾಳಿ
ನಾನು ಶುಶ್ರೂಷಕಿ, ಹೆಚ್ಚಾಗಿ ರಾತ್ರಿ ಪಾಳಿ. ಬೆಳಗ್ಗೆ ಒಂಬತ್ತಕ್ಕೆ ಮಲಗಿ ಎರಡಕ್ಕೆ ಏಳುತ್ತೇನೆ. ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಬಾನಿಥನ್ ಬಡಾವಣೆಯಲ್ಲಿ 2018ರಲ್ಲಿ ಈ ಸೇವೆ ಶುರುವಾದಾಗ ಜನ ಮೊದಲು ಸಿಡಿದೆದ್ದದ್ದು ಖಾಸಗಿತನಕ್ಕಲ್ಲ, ಸದ್ದಿಗೆ. ಅಮೆರಿಕದ ಟೆಕ್ಸಾಸಿನ ಕಾಲೇಜ್ ಸ್ಟೇಷನ್ ಊರಿನಲ್ಲೂ ಅದೇ ಕಥೆ. 2024ರಲ್ಲಿ ಅಲ್ಲಿನ ಮೇಯರ್ ವಿಮಾನಯಾನ ಇಲಾಖೆಗೇ ಪತ್ರ ಬರೆದರು. ದಿನಕ್ಕೊಂದು ಹಾರಾಟವಾದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಐವತ್ತಾದರೆ?

ಹಾಗೆಂದು ನಾನು ವಿರೋಧಿಯಲ್ಲ. ರುವಾಂಡದಲ್ಲಿ 2016ರಿಂದ ಡ್ರೋನ್‌ಗಳು ರಕ್ತದ ಚೀಲಗಳನ್ನು ಪುಟ್ಟ ಪ್ಯಾರಾಚೂಟ್ ಕಟ್ಟಿ ಆಸ್ಪತ್ರೆಯ ಅಂಗಳಕ್ಕೆ ಹಾಕುತ್ತಿವೆ. ಮಣಿಪುರದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ 2021ರ ಅಕ್ಟೋಬರ್‌ನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಡ್ರೋನ್‌ನಲ್ಲಿ ಲಸಿಕೆ ಕಳುಹಿಸಿತು. ರಸ್ತೆಯಲ್ಲಿ 26 ಕಿಲೋಮೀಟರ್, ಗಾಳಿಯಲ್ಲಿ 15. ರಕ್ತ ಬೇಕೆಂದು ಹೆರಿಗೆ ಕೋಣೆಯ ಹೊರಗೆ ಓಡಾಡುವವರ ಮುಖ ನೋಡಿದವಳು ನಾನು. ಡ್ರೋನ್ ಹಾರಬೇಕಾದದ್ದು ಪಾವಗಡದಲ್ಲಿ. ಹೆಚ್ಚುಕಡಿಮೆ ಸುತ್ತಲೂ ಆಂಧ್ರ, ಜಿಲ್ಲಾ ಕೇಂದ್ರ ನೂರು ಕಿಲೋಮೀಟರ್ ಆಚೆ. ಅಲ್ಲಿಗೆ ಯಾವ ಕಂಪನಿಯೂ ಪತ್ರ ಬರೆದಂತಿಲ್ಲ. ಬಿಸ್ಕತ್ತು ತರಿಸಿಕೊಳ್ಳುವವರು ನಾವು ತುಮಕೂರಿನಲ್ಲಿದ್ದೇವಲ್ಲ, ಅದಕ್ಕೆ ಇಲ್ಲಿಗೆ ಬಂದಿದ್ದಾರೆ.

ಹಾರುವಯಂತ್ರ
ಪಾವಗಡದ ಮಾತಿಗೆ ಒಂದು ತಿದ್ದುಪಡಿ ಅಕ್ಕ. ತುಮಕೂರಿನಿಂದ ಪಾವಗಡಕ್ಕೆ ಒಂದೇ ನೆಗೆತಕ್ಕೆ ಈ ಸಣ್ಣ ಯಂತ್ರಗಳ ಬ್ಯಾಟರಿ ಸಾಲದು. ಏಮ್ಸ್ ಋಷಿಕೇಶದವರು 2023ರ ಫೆಬ್ರವರಿಯಲ್ಲಿ ತೆಹ್ರಿಗೆ ಕ್ಷಯರೋಗದ ಔಷಧ ಕಳುಹಿಸಿದ್ದು ಸುಮಾರು 40 ಕಿಲೋಮೀಟರ್, ಅದೇ ದೊಡ್ಡ ಸುದ್ದಿಯಾಯಿತು. ಆದರೆ ಪಾವಗಡದ ತಾಲ್ಲೂಕು ಆಸ್ಪತ್ರೆಯಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎಂದರೆ ಖಂಡಿತ ಆಗುವ ಕೆಲಸ. ಬಯಲು ನಾಡು, ಎತ್ತರದ ಕಟ್ಟಡಗಳಿಲ್ಲ.

ಊರೊಳಗೆ ಹಾರುವುದು ಕಷ್ಟ. ನಮ್ಮ ಬೀದಿಗಳಲ್ಲಿ ಕಂಬದಿಂದ ಮನೆಗೆ, ಮನೆಯಿಂದ ಮನೆಗೆ ಎಷ್ಟು ತಂತಿಗಳು ತೂಗುತ್ತವೆ ನೋಡಿ. ಟಿ.ವಿ. ಕೇಬಲ್ಲು, ಇಂಟರ್ನೆಟ್ಟು, ಯಾವಾಗಲೋ ಗಣೇಶನ ಹಬ್ಬಕ್ಕೆ ಕಟ್ಟಿ ಬಿಚ್ಚದೆ ಬಿಟ್ಟ ದೀಪದ ಸರ. ಬ್ರಿಸ್ಬೇನ್ ಬಳಿ 2022ರ ಸೆಪ್ಟೆಂಬರ್‌ನಲ್ಲಿ ಊಟ ಹೊತ್ತ ಡ್ರೋನ್ ವಿದ್ಯುತ್ ತಂತಿಯ ಮೇಲೆ ಕುಳಿತು ಸುಮಾರು ಎರಡು ಸಾವಿರ ಗ್ರಾಹಕರ ಕರೆಂಟು ಹೋಯಿತು. ಅಷ್ಟು ಅಚ್ಚುಕಟ್ಟಾದ ಊರಿನಲ್ಲೇ ಹಾಗೆ. ಮೇಲಾಗಿ ಆಷಾಢ ಬರಲಿ. ಗಾಳಿಯೂ ಜೋರು, ಗಾಳಿಪಟದ ಮಾಂಜಾ ದಾರವೂ ಅಡ್ಡ. ಪಂಕಕ್ಕೆ ಮಾಂಜಾ ಸುತ್ತಿಕೊಂಡರೆ ಯಾವ ಸಾಫ್ಟ್‌ವೇರೂ ಉಳಿಸುವುದಿಲ್ಲ.

ತೆಂಗಿನತೋಟ
ನಮ್ಮ ತಿಪಟೂರು ಕಡೆ ಡ್ರೋನ್ ಎಂದರೆ ಈಗ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೇಂದ್ರದ ಯೋಜನೆಯಲ್ಲಿ ಡ್ರೋನ್ ಕೊಡುತ್ತಿದ್ದಾರೆ, ದೇಶದಲ್ಲಿ 15,000 ಸಂಘಗಳಿಗೆ ಎಂದು ಘೋಷಣೆ. ಬಾಡಿಗೆಗೆ ಕರೆದರೆ ಬಂದು ಸಿಂಪಡಿಸಿ ಹೋಗುತ್ತಾರೆ. ತೋಟ ನನ್ನದು, ಕರೆದವನು ನಾನು, ಹಣ ಕೊಟ್ಟವನು ನಾನು. ಪಟ್ಟಣದಲ್ಲಿ ಪಾರ್ಸೆಲ್ ಒಬ್ಬನದು, ಸದ್ದು ಕೇಳುವವನು ಇನ್ನೊಬ್ಬ. ಜಗಳ ಇರುವುದು ಅಲ್ಲೇ ಎಂದು ನನ್ನ ಎಣಿಕೆ.

ಬೂದುಗುಂಬಳ
ತೆಂಗಿನತೋಟದವರೇ, ನಾನು ಮೂರು ದಿನದಿಂದ ಹುಡುಕುತ್ತಿದ್ದ ಮಾತನ್ನು ನೀವು ಒಂದೇ ಸಾಲಿನಲ್ಲಿ ಆಡಿದಿರಿ.

ಅಂದ ಹಾಗೆ ಕೋತಿಗಳ ಬಗ್ಗೆ ಯೋಚಿಸಿದ್ದೀರಾ? ನಮ್ಮ ಬೀದಿಗೆ ತಿಂಗಳಿಗೊಮ್ಮೆ ಹಿಂಡು ಬರುತ್ತದೆ. ಹೋದ ಸಲ ಪಕ್ಕದ ಮನೆಯವರ ಕೈಯಿಂದ ಬಾಳೆಹಣ್ಣಿನ ಚೀಲ ಕಿತ್ತುಕೊಂಡು, ಸಿಪ್ಪೆಯನ್ನು ಅವರ ತಾರಸಿಗೇ ಎಸೆದು ಹೋದವು. ಆಕಾಶದಿಂದ ತಿಂಡಿ ಇಳಿಯುತ್ತದೆ ಎಂದು ಒಮ್ಮೆ ಗೊತ್ತಾದರೆ ಅವು ದೇವರಾಯನದುರ್ಗಕ್ಕೆ ವಾಪಸ್ ಹೋಗುವುದೇ ಇಲ್ಲ.

ಮಹಡಿಮನೆ
ಎಲ್ಲರಿಗೂ ಮತ್ತೆ ನಮಸ್ಕಾರ. ಎಂಟು ದಿನದ ನಂತರ ಬರೆಯುತ್ತಿದ್ದೇನೆ. ವಕೀಲರ ಮಾತು ಕೇಳಿ ಉದ್ಯಾನದ ವಿಚಾರ ಕೈಬಿಟ್ಟೆವು. ಕಂಪನಿಯವರು "ಹಾಗಾದರೆ ಯಾರದಾದರೂ ತಾರಸಿ ಸಾಕು, ಒಂದು ಪ್ರಾತ್ಯಕ್ಷಿಕೆ ತೋರಿಸುತ್ತೇವೆ" ಎಂದರು. ಪರವಾಗಿ ಮಾತಾಡಿದವನು ನಾನೇ ಆದ್ದರಿಂದ ನನ್ನ ತಾರಸಿಯನ್ನೇ ಕೊಟ್ಟೆ. ನಡೆದದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಬುಧವಾರ ಬೆಳಗ್ಗೆ ಹನ್ನೊಂದು. ಇಬ್ಬರು ಹುಡುಗರು ಬಂದು ತಾರಸಿಯ ನಡುವೆ ನೀಲಿ ಚಾಪೆ ಹಾಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟರು. ಇನ್ನಿಬ್ಬರು ಒಂದೂವರೆ ಕಿಲೋಮೀಟರ್ ಆಚೆಯ ಬಯಲಿನಿಂದ ಹಾರಿಸುವವರು. ತಾಯಿಯನ್ನು ಕುರ್ಚಿಯಲ್ಲಿ ಮೇಲಕ್ಕೆ ಎತ್ತಿಕೊಂಡು ಬಂದಿದ್ದೆವು, ನೋಡಲೇಬೇಕೆಂದು ಹಟ ಹಿಡಿದಿದ್ದರು. ಬೀದಿಯ ಅರ್ಧ ಜನ ನಮ್ಮ ಮೆಟ್ಟಿಲ ಮೇಲೆ.

ಮೊದಲು ಬಂದದ್ದು ಸದ್ದು. ಪಕ್ಕದ ಮನೆಯಲ್ಲಿ ಯಾರೋ ಮಿಕ್ಸಿಗೆ ಒಣ ಕೊಬ್ಬರಿ ಹಾಕಿ ಗುಂಡಿ ಒತ್ತಿ ಮರೆತು ಹೋದ ಹಾಗೆ. ಜೋರು ಎನ್ನಲಾರೆ, ಬಸ್ಸಿನ ಹಾರ್ನ್ ಇದಕ್ಕಿಂತ ಜೋರು. ಆದರೆ ಹಾರ್ನ್ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಹತ್ತಿರ ಬಂದಂತೆ ಹಲ್ಲಿನ ಸಂದಿಯಲ್ಲಿ ಕೇಳಿಸುತ್ತದೆ. ರಾತ್ರಿಪಾಳಿಯವರ ಮಾತು ನೆನಪಾಯಿತು.

ಯಂತ್ರ ಬಂದು ಸುಮಾರು ಎರಡು ಮಹಡಿಯಷ್ಟು ಎತ್ತರದಲ್ಲಿ ನಿಂತಿತು. ದಾರದಲ್ಲಿ ಪೆಟ್ಟಿಗೆ ಇಳಿಯತೊಡಗಿತು. ಗಾಳಿ ಅಂಥದ್ದೇನೂ ಇರಲಿಲ್ಲ, ಆದರೂ ಪೆಟ್ಟಿಗೆ ಲೋಲಕದಂತೆ ತೂಗಿ ಪಕ್ಕದವರ ತೆಂಗಿನ ಗರಿಗೆ ಒಮ್ಮೆ ತಾಕಿತು. ಅಷ್ಟರಲ್ಲಿ ಎದುರು ಮನೆಯ ನೀರಿನ ಟ್ಯಾಂಕಿನ ಕೆಳಗೆ ನಾವೆಲ್ಲ ಮರೆತೇಬಿಟ್ಟಿದ್ದ ಹೆಜ್ಜೇನಿನ ಗೂಡಿನ ಕಡೆ ನನ್ನ ಕಣ್ಣು ಹೋಯಿತು.

ಗೂಡಿನ ಮೇಲೆ ಅಲೆ ಏಳುತ್ತಿತ್ತು. ನೀವು ನೋಡಿದ್ದೀರೋ ಇಲ್ಲವೋ, ಹೊರಪದರದ ಹುಳುಗಳು ಒಂದರ ಹಿಂದೆ ಒಂದು ಹಿಂಭಾಗ ಎತ್ತಿ ಇಳಿಸುತ್ತವೆ. ಕಪ್ಪು ಬಟ್ಟೆಯ ಮೇಲೆ ಬೆಳಕು ಹರಿದ ಹಾಗೆ ಕಾಣುತ್ತದೆ. ಕಣಜ ಹತ್ತಿರ ಬಂದಾಗ ಅವು ಹೀಗೆ ಹೆದರಿಸುತ್ತವೆ. ಒಂದು ಅಲೆ, ಎರಡು, ಮೂರು. ನಾನು ಕೈ ಎತ್ತಿದೆ. ಮೆಟ್ಟಿಲ ಮೇಲಿನ ಮಕ್ಕಳು ಸಹಿತ ಉಸಿರು ಬಿಡಲಿಲ್ಲ. ತಾಯಿಯನ್ನು ಎತ್ತಿಕೊಂಡು ಇಳಿಯಲು ಎಷ್ಟು ಹೊತ್ತು ಬೇಕು ಎಂದು ತಲೆಯಲ್ಲಿ ಲೆಕ್ಕ ಹಾಕುತ್ತಿದ್ದೆ. ಹುಡುಗ ಫೋನಿನಲ್ಲಿ ಏನೋ ಹೇಳಿದ, ಪೆಟ್ಟಿಗೆ ಚಾಪೆಯ ಮೇಲೆ ಕುಳಿತಿತು, ಕೊಕ್ಕೆ ಬಿಟ್ಟಿತು, ಯಂತ್ರ ನೇರ ಮೇಲಕ್ಕೆ ಹೋಯಿತು. ಇನ್ನೆರಡು ಅಲೆ ಎದ್ದು ಗೂಡು ತಣ್ಣಗಾಯಿತು.

ಪೆಟ್ಟಿಗೆಯಲ್ಲಿ ಒಂದು ಕಿಲೋ ಸಕ್ಕರೆ ಇತ್ತು. ಸಕ್ಕರೆ ಕಾಯಿಲೆಯ ತಾಯಿಯ ಮಡಿಲಿಗೆ ಅದನ್ನು ಕೊಟ್ಟು ಫೋಟೋ ತೆಗೆದರು. ಅವರು ತಿರುಗಿಸಿ ನೋಡಿ, "ಮೇಲಿನಿಂದ ಬಂದದ್ದು ಸರಿ, ಇದು ನನಗೆ ಬೇಡ. ಯಾರ ಕೈಗೆ ವಾಪಸ್ ಕೊಡಲಿ?" ಎಂದು ಕೇಳಿದರು. ಹುಡುಗರು ನಕ್ಕರು. ಅವರು ನಗಲಿಲ್ಲ.

ಎರಡುಚಕ್ರ
ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ವಾಪಸ್ ಕೊಡುವುದಿದ್ದರೆ ನಾನು ಬರುತ್ತೇನೆ.

ನಿವೃತ್ತ ಮೇಷ್ಟ್ರು
ಹಕ್ಕಿಗಳೂ ಸುಮ್ಮನಿರುವುದಿಲ್ಲ. ಕ್ಯಾನ್‌ಬೆರಾದಲ್ಲೇ 2021ರಲ್ಲಿ ಕಾಗೆಯ ಜಾತಿಯ ಹಕ್ಕಿಯೊಂದು ಹಾರುತ್ತಿದ್ದ ಡ್ರೋನ್‌ಗೆ ಕುಕ್ಕಿ, ಆ ಭಾಗದಲ್ಲಿ ಸೇವೆಯನ್ನೇ ಕೆಲಕಾಲ ನಿಲ್ಲಿಸಿದ್ದರು. ನಮ್ಮಲ್ಲಿ ಮಾಂಸದ ಅಂಗಡಿಗಳ ಮೇಲೆ ಸುತ್ತುವ ಹದ್ದುಗಳಿಗೆ ಈ ಯಂತ್ರ ಏನೆಂದು ಕಾಣುತ್ತದೋ. ಅದಿರಲಿ, ಸಭೆ ಏನಾಯಿತು?

ಮಹಡಿಮನೆ
ಸಭೆ ಎರಡೂವರೆ ಗಂಟೆ ನಡೆಯಿತು ಮೇಷ್ಟ್ರೇ, ಅದರಲ್ಲಿ ಒಂದು ಗಂಟೆ ಕಾಫಿಗೆ ಸಕ್ಕರೆ ಹೆಚ್ಚಾಯಿತು ಎಂಬ ಚರ್ಚೆ. ಉಳಿದದ್ದರಲ್ಲಿ ಒಪ್ಪಿದ್ದು ಇಷ್ಟು. ಔಷಧ ಮಾತ್ರ, ದಿನಸಿ ಬೇಡ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಹಾರುವಂತಿಲ್ಲ, ಏಕೆಂದರೆ ರಾತ್ರಿ ಪಾಳಿಯವರು ನಮ್ಮ ಬೀದಿಯಲ್ಲೂ ಆರು ಜನ ಇದ್ದಾರೆ ಎಂಬುದು ನನಗೇ ಅವತ್ತು ಗೊತ್ತಾದದ್ದು. ವಿಮೆಯ ಪ್ರತಿ ಮತ್ತು ಕ್ಯಾಮೆರಾದ ವಿವರ ಬರಹದಲ್ಲಿ ಬೇಕು. ಹಾರುವ ದಾರಿಯ ಕೆಳಗಿನ ಪ್ರತಿ ಮನೆಯನ್ನೂ ಕೇಳಬೇಕು, ತರಿಸಿಕೊಳ್ಳುವವರನ್ನು ಮಾತ್ರವಲ್ಲ. ಈ ಕೊನೆಯದು ತೆಂಗಿನತೋಟದವರ ಮಾತಿನಿಂದ ಬಂದದ್ದು, ನಾನು ಸಭೆಯಲ್ಲಿ ಓದಿ ಹೇಳಿದೆ.

ಕಂಪನಿಯಿಂದ ನಿನ್ನೆ ಉತ್ತರ ಬಂತು. ವಿಮೆಯ ಪ್ರತಿ ಕಳುಹಿಸಿದ್ದಾರೆ, ಸರಿಯಾಗಿದೆ ಎಂದು ವಕೀಲರು ಹೇಳಿದರು. ಸಮಯದ ಬಗ್ಗೆ "ಪರಿಶೀಲಿಸುತ್ತೇವೆ" ಎಂದಿದ್ದಾರೆ. ಮನೆಮನೆ ಕೇಳುವ ವಿಚಾರಕ್ಕೆ ಉತ್ತರವೇ ಇಲ್ಲ. ಕೊನೆಯ ಸಾಲಿನಲ್ಲಿ, ಸುರಕ್ಷತೆಯ ದೃಷ್ಟಿಯಿಂದ ಎದುರು ಮನೆಯ ಜೇನುಗೂಡನ್ನು ತೆಗೆಸಿಕೊಡಬೇಕು ಎಂದು ಕೋರಿದ್ದಾರೆ.

ಬೂದುಗುಂಬಳ
ಮೊದಲು ಬಂದವರು ಯಾರಂತೆ?

ಮಹಡಿಮನೆ
ಎದುರು ಮನೆಯವರೂ ಅದನ್ನೇ ಕೇಳಿದರು ಅಕ್ಕ. ಅವರ ಮನೆಯಲ್ಲಿ ಆ ಗೂಡು ಪ್ರತಿ ವರ್ಷ ಅದೇ ಜಾಗಕ್ಕೆ ಬಂದು ಕಟ್ಟುತ್ತದೆ, ಮಳೆ ಹಿಡಿದರೆ ತಾನೇ ಎದ್ದು ಹೋಗುತ್ತದೆ, ಇದುವರೆಗೆ ಒಬ್ಬರನ್ನೂ ಕಚ್ಚಿಲ್ಲ. ಹೊಗೆ ಹಾಕಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಇದನ್ನು ಕಂಪನಿಗೆ ಬರೆದು ತಿಳಿಸಬೇಕು. ಪತ್ರವನ್ನು ಕನ್ನಡದಲ್ಲೇ ಬರೆಯೋಣ ಎಂದುಕೊಂಡಿದ್ದೇನೆ. ಮೇಷ್ಟ್ರೇ, ನಾಳೆ ಸಂಜೆ ಬಿಡುವಾಗಿದ್ದರೆ ಅಮಾನಿಕೆರೆಯ ಹತ್ತಿರ ಸಿಗುತ್ತೀರಾ? ಕರಡು ತಂದಿರುತ್ತೇನೆ, ಒಮ್ಮೆ ಕಣ್ಣಾಡಿಸಿ ಕೊಡಿ.

ನಿವೃತ್ತ ಮೇಷ್ಟ್ರು
ಐದೂವರೆಗೆ ಬರುತ್ತೇನೆ. ಕೆಂಪು ಪೆನ್ನು ನನ್ನ ಬಳಿಯೇ ಇದೆ.